ಏಳನೇ ಮಷೀನು, ಎಂಟನೇ ಮಷೀನು

ಕೆಟ್ಟದ್ದನ್ನು ದುರಸ್ತಿ ಮಾಡಿ ಬಂದವರಿಗೆ ಒಳ್ಳೆಯ ನಿದ್ದೆ ಬರಬೇಕು. ನನಗೆ ನಿದ್ದೆ ಕೆಡಿಸಿದ ಒಂದು ದುರಸ್ತಿಯ ಕಥೆ ಇದು. ಕೆಲಸವೇನೋ ಸರಿಯಾಗಿಯೇ ಆಯಿತು. ಆ ಕಂಪ್ಯೂಟರಿನಲ್ಲಿ ನಾನು ಹುಡುಕಿದ ದೋಷ ನಿಜವಾದ ದೋಷವೇ ಆಗಿತ್ತು ಎಂದು ಇಂದಿಗೂ ಎದೆ ತಟ್ಟಿ ಹೇಳಬಲ್ಲೆ. ತಟ್ಟಿಕೊಂಡ ಕಡೆಯಲ್ಲೇ ನೋಯುತ್ತದೆ, ಅಷ್ಟೆ.

ತೊಂಬತ್ತರ ದಶಕದ ಕೊನೆ. ನಾನು ಅಕ್ಕಲಕೋಟೆಯಿಂದ ದಿನಾ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ದುರಸ್ತಿ ಕೆಲಸ ಮಾಡುತ್ತಿದ್ದೆ. ಹೆಣ್ಣುಮಗಳೊಬ್ಬಳು ಸ್ಕ್ರೂಡ್ರೈವರ್ ಚೀಲ ಹಿಡಿದು ಬಂದರೆ, ಅವಳ ಹಿಂದೆ ಒಬ್ಬ ಗಂಡಸೂ ಬರುತ್ತಿರಬಹುದೆಂದು ಜನ ಬಾಗಿಲ ಕಡೆ ನೋಡುತ್ತಿದ್ದ ಕಾಲ ಅದು. ಯಾರೂ ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಾಗುವವರೆಗೆ ನಾನು ಸುಮ್ಮನೆ ನಿಂತಿರುತ್ತಿದ್ದೆ.

ಅಕ್ಕಲಕೋಟ ರಸ್ತೆಯ ಒಂದು ಟವೆಲ್ ಕಾರಖಾನೆಗೆ ನಮ್ಮ ಅಂಗಡಿಯವರು ಒಂದು ವ್ಯವಸ್ಥೆ ಹಾಕಿಕೊಟ್ಟಿದ್ದರು. ಆ ಕಾರಖಾನೆಯಲ್ಲಿ ಕಾಂಡಿ ಮಷೀನುಗಳ ಒಂದು ಸಾಲಿತ್ತು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಉರುಳೆಗೆ ಹೊಕ್ಕಿನ ನೂಲು ಸುತ್ತುವುದು ಆ ಮಷೀನಿನ ಕೆಲಸ. ಒಂದೊಂದು ಮಷೀನಿಗೆ ಒಬ್ಬೊಬ್ಬ ಹೆಂಗಸು. ಪ್ರತಿ ಮಷೀನಿಗೂ ನಾವು ಒಂದು ಸೆನ್ಸರ್ ಕೂರಿಸಿ, ಅಲ್ಲಿಂದ ಆಫೀಸಿನ ಕಂಪ್ಯೂಟರಿಗೆ ವೈರು ಎಳೆದಿದ್ದೆವು. ಮಷೀನು ತಿರುಗುತ್ತಿದ್ದರೆ ಪರದೆಯ ಮೇಲೆ ಅದರ ನಂಬರಿನ ಚೌಕ ಹಸಿರಾಗಿರುತ್ತಿತ್ತು. ಸ್ವಲ್ಪ ಹೊತ್ತು ನಿಂತರೆ ಕೆಂಪಾಗುತ್ತಿತ್ತು. ಯಾವ ಮಷೀನು ಯಾವಾಗ, ಎಷ್ಟು ಹೊತ್ತು ನಿಂತಿತೆಂದು ವಾರಕ್ಕೊಮ್ಮೆ ಕಾಗದದ ಮೇಲೆ ಮುದ್ರಣವಾಗಿ ಬರುತ್ತಿತ್ತು. ಮಾಲಕರಿಗೆ ಅದೊಂದು ದೊಡ್ಡ ಹೆಮ್ಮೆ. ಬಂದ ಅತಿಥಿಗಳಿಗೆಲ್ಲ ಚಹಾ ಕೊಡುವುದಕ್ಕಿಂತ ಮೊದಲು ಆ ಚೌಕಗಳನ್ನು ತೋರಿಸುತ್ತಿದ್ದರು.

ಅಂಥ ಚೌಕಗಳು ಒಂದು ದಿನ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದವು. ಬೂದು ಎಂದರೆ ಮಾಹಿತಿ ಇಲ್ಲ ಎಂದರ್ಥ. ಅಂಗಡಿಯಿಂದ ಒಬ್ಬ ಹೋಗಿ ವೈರಿನ ಪ್ಲಗ್ಗು ಬಿಚ್ಚಿ ಹಾಕಿ ಬಂದ, ಸರಿಯಾಗಲಿಲ್ಲ. ಮತ್ತೊಬ್ಬ ಹೋದ, ಅವನೂ ಬಿಚ್ಚಿ ಹಾಕಿ ಬಂದ. ಹೀಗೆ ಬೇಸಿಗೆ ಕಳೆದು ಶ್ರಾವಣವೂ ಹತ್ತಿರ ಬಂತು. ಕೊನೆಗೆ ನಮ್ಮ ಅಂಗಡಿಯ ಯಜಮಾನರು ನನ್ನನ್ನು ಕರೆದು, ಸರಿ ಮಾಡದೆ ವಾಪಸ್ ಬರಬೇಡ ಎಂದು ಕಳಿಸಿದರು.

ಆಫೀಸಿನಲ್ಲಿ ನನ್ನನ್ನು ಬರಮಾಡಿಕೊಂಡವರು ದಿವಾಣಜಿ, ಅಂದರೆ ಆ ಕಾರಖಾನೆಯ ಹಳೆಯ ಗುಮಾಸ್ತರು. ಸೊಲ್ಲಾಪುರದಲ್ಲಿ ತಲೆಮಾರುಗಳಿಂದ ಲೇಖಣಿ ಹಿಡಿದೇ ಬದುಕಿದ ಮನೆತನ. ಹಣೆಗೆ ಗಂಧ, ತಲೆಗೆ ಕರಿ ಟೊಪ್ಪಿಗೆ. ಕಂಪ್ಯೂಟರಿನ ಮುಂದೆ ಕೂಡುವ ಮೊದಲು ಚಪ್ಪಲಿ ಬಿಡುತ್ತಿದ್ದರು.

‘ಬಾ ತಂಗಿ, ಕೂಡು. ಇದರ ಜೀವ ಎಲ್ಲಿ ಹೋಗೇತಿ ನೋಡು. ನನಗಂತೂ ತಿಳೀವಲ್ದು’ ಎಂದರು.

ನಾನು ಮೊದಲು ವೈರಿನ ಜಾಡು ಹಿಡಿದೆ. ಹಿಂದೆ ಬಂದವರು ಮಾಡಿದ್ದನ್ನೇ ಮಾಡುವುದು ಅವಮಾನ ಅನ್ನಿಸಿದರೂ, ಬುಡದಿಂದ ಶುರು ಮಾಡದೆ ನನಗೆ ತಲೆ ಓಡುವುದಿಲ್ಲ. ಮಲ್ಟಿಮೀಟರ್ ಹಿಡಿದು ಮಷೀನುಗಳ ಸಾಲಿನಲ್ಲಿ ಒಂದೊಂದೇ ಸೆನ್ಸರ್ ನೋಡುತ್ತಾ ಹೋದೆ. ಅಲ್ಲಿನ ಸದ್ದಿಗೆ ಕಿವಿ ಮುಚ್ಚಿಕೊಂಡೇ ಇರಬೇಕು, ಹತ್ತಿಯ ದೂಳು ಮೂಗಿನಲ್ಲಿ ಕೂತುಬಿಡುತ್ತದೆ. ಏಳನೇ ಮಷೀನಿನ ಹತ್ತಿರ ಬಂದಾಗ ಹನ್ನೊಂದರ ಹೊತ್ತು. ಮಷೀನು ತಿರುಗುತ್ತಿತ್ತು, ಎದುರಿಗೆ ಆಳಿರಲಿಲ್ಲ. ಎಂಟನೆಯದರ ಮುಂದೆ ಇದ್ದ ಐವತ್ತು ದಾಟಿದ ಹೆಂಗಸು, ಕಚ್ಚೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಎರಡೂ ಮಷೀನಿನ ನಡುವೆ ಓಡಾಡುತ್ತಿದ್ದಳು. ಏಳರಲ್ಲಿ ಎಳೆ ಹರಿದರೆ ಅಲ್ಲಿ ಗಂಟು, ಎಂಟರಲ್ಲಿ ಉರುಳೆ ತುಂಬಿದರೆ ಇಲ್ಲಿ ಬದಲು. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಬ್ಬ ಎಳೆಯ ಹೆಂಗಸು ಏದುಸಿರು ಬಿಡುತ್ತಾ ಬಂದು ಏಳನೆಯದರ ಮುಂದೆ ನಿಂತಳು. ನಾನು ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು.

ಮಧ್ಯಾಹ್ನ ಊಟದ ಗಂಟೆಗೆ ಆ ದೊಡ್ಡಾಕೆಯೇ ನನ್ನನ್ನು ಕರೆದಳು.

‘ಬರ್ರಿ ಬಾಯಿ, ನಾಕ ತುತ್ತ ಉಣ್ರಿ. ಯಾವೂರು ನಿಮ್ದು?’

‘ಅಕ್ಕಲಕೋಟ್ರಿ ಮಾವಶಿ.’ ನಮ್ಮ ಕಡೆ ಓದಿದ ಹೆಂಗಸು ‘ಬಾಯಿ’, ವಯಸ್ಸಾದಾಕೆ ‘ಮಾವಶಿ’, ಅಂದರೆ ಚಿಕ್ಕಮ್ಮ.

‘ಹಂಗಾದ್ರ ನಮ್ಮಾಕೀನ ಆದ್ರಿ. ನಂದು ನಾಗಣಸೂರ. ಈಕೀದು ಹನ್ನೂರ.’

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸುಟ್ಟ ಬದನೆಕಾಯಿ. ನನ್ನ ಡಬ್ಬಿಯ ಚಪಾತಿಯನ್ನು ಅವರು ನೋಡಿ ನಕ್ಕು ಪಕ್ಕಕ್ಕಿಟ್ಟರು. ಹನ್ನೂರಿನಾಕೆ, ಅಂದರೆ ಏಳನೇ ಮಷೀನಿನ ಆ ಎಳೆಯ ಹೆಂಗಸು, ಬಾಣಂತಿ. ಮೂರು ತಿಂಗಳ ಕೂಸು. ಕಾರಖಾನೆಯ ಹಿಂದಿನ ಗೋಡೆಯಾಚೆಗೇ ಮನೆ, ಅಲ್ಲಿ ಅತ್ತೆ ಕೂಸನ್ನು ನೋಡಿಕೊಳ್ಳುತ್ತಾಳೆ.

‘ದಿನ ತುಂಬದ ಹುಟ್ಟಿದ ಕೂಸರಿ’ ಎಂದು ಮಾವಶಿ ಹೇಳಿದಳು. ‘ಮ್ಯಾಲಿನ ಹಾಲು ಮುಟ್ಟೂದಿಲ್ಲ. ಬಾಟ್ಲಿ ಬಾಯಾಗಿಟ್ರ ಎಲ್ಲಾ ಹೊರಗ ಹಾಕತೈತಿ. ತಾಯಿ ಹಾಲ ಬಿಡಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಅದಕ್ಕ ಹನ್ನೊಂದಕ್ಕೊಮ್ಮಿ ಮೂರಕ್ಕೊಮ್ಮಿ ಈಕಿ ಓಡಿ ಹೋಗಿ ಕುಡಿಸಿ ಬರತಾಳ. ಅಲ್ಲೀತನಕಾ ಎರಡೂ ಮಷೀನ ನಾ ನೋಡತೀನಿ.’

‘ಮಾಲಕ್ರಿಗೆ ಕೇಳಿಲ್ಲೇನ್ರಿ?’

‘ಹ್ವಾದ ವರ್ಷ ಒಬ್ಬಾಕಿ ಕೇಳಿದ್ಲು. ಕೂಸು ದೊಡ್ಡದಾದ ಮ್ಯಾಲ ಬಾರವ್ವಾ ಅಂದ್ರು. ಬಂದಾಗ ಜಾಗಾ ಇರಲಿಲ್ಲ.’

ಬಾಣಂತಿ ಅಲ್ಲಿಯವರೆಗೆ ತಲೆ ತಗ್ಗಿಸಿ ಉಣ್ಣುತ್ತಿದ್ದವಳು ಆಗ ಕೇಳಿದಳು: ‘ಅಕ್ಕಾರ, ನಿಮ್ಮ ಮಷೀನ ಚಾಲೂ ಆತಂದ್ರ ನಾ ಹೋಗೂದು ಕಾಣತೈತೇನ್ರಿ?’

‘ನೀ ಹೋಗೂದು ಕಾಣೂದಿಲ್ಲ ತಂಗಿ. ಮಷೀನ ನಿಂತದ್ದು ಕಾಣತೈತಿ.’

‘ಎರಡೂ ಒಂದೇರಿ’ ಎಂದಳು.

ಮಾವಶಿ ನಕ್ಕಳು. ‘ಹಂಗಾದ್ರ ಬಾಯಾರು ದೀಪಾವಳಿ ತನಕಾ ವೈರ್ ನೋಡಕೋತ ಇರಲಿ. ನಾವು ದಿನಾ ರೊಟ್ಟಿ ಕೊಡತೀವಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಅಲ್ಲಿಗೆ ಬಂದದ್ದೇ ಜಂತೆ ಎಣಿಸುವ ಯಂತ್ರವನ್ನು ಎಬ್ಬಿಸುವುದಕ್ಕೆ. ಕೈ ತೊಳೆಯುವಾಗ ಅದು ಮನಸ್ಸಿಗೆ ಬಂತು, ಆಮೇಲೆ ಆಫೀಸಿಗೆ ಹೋದ ಮೇಲೆ ಮರೆತೆ. ಕೆಲಸ ಹಿಡಿದರೆ ನನಗೆ ಹಾಗೆಯೇ, ಲೋಕ ಮರೆತುಹೋಗುತ್ತದೆ. ಅದನ್ನು ಆಗ ಒಂದು ಗುಣವೆಂದೇ ತಿಳಿದಿದ್ದೆ.

ವೈರು ಸರಿಯಾಗಿತ್ತು. ಕಂಪ್ಯೂಟರಿನ ಸೀರಿಯಲ್ ಪೋರ್ಟಿನವರೆಗೂ ಮಾಹಿತಿ ಬರುತ್ತಿತ್ತು. ಹಾಗಾದರೆ ದೋಷ ಒಳಗಿನದು. ನಮ್ಮ ತಂತ್ರಾಂಶದಲ್ಲಿ ಎರಡು ಭಾಗ: ಮಷೀನುಗಳಿಂದ ಬಂದದ್ದನ್ನು ಹಿಡಿಯುವುದು ಒಂದು, ಅದನ್ನು ಕೇಳಿ ಪಡೆದು ಪರದೆಯ ಮೇಲೆ ತೋರಿಸಿ ಬರೆದಿಡುವುದು ಇನ್ನೊಂದು. ಎರಡೂ ಒಂದೇ ಕಂಪ್ಯೂಟರಿನಲ್ಲಿದ್ದರೂ, ಬರೆದವನು ಅದೇನು ಯೋಚನೆ ಮಾಡಿದ್ದನೋ, ಅವು ಮಾತಾಡುತ್ತಿದ್ದುದು ನೆಟ್‌ವರ್ಕಿನ ಮೂಲಕ. ಒಂದೇ ಮನೆಯ ಅತ್ತೆ ಸೊಸೆ ಅಂಚೆಯಲ್ಲಿ ಕಾಗದ ಬರೆದುಕೊಂಡಂತೆ. ತೋರಿಸುವ ಭಾಗ ಕೇಳುತ್ತಿತ್ತು, ಹಿಡಿಯುವ ಭಾಗದಿಂದ ಉತ್ತರವಿರಲಿಲ್ಲ. ಕೇಳುವವರಿಲ್ಲದ ಮಾಹಿತಿ ಅಲ್ಲೇ ಅಳಿಸಿಹೋಗುತ್ತಿತ್ತು.

ತಂತ್ರಾಂಶವನ್ನು ಪೂರ್ತಿ ತೆಗೆದು ಮತ್ತೆ ಹಾಕಿದೆ. ಬೂದು. ಅಂಗಡಿಗೆ ಫೋನು ಮಾಡಿ ಹೊಸ ಪ್ರತಿ ತರಿಸಿ ಹಾಕಿದೆ. ಬೂದು. ಆ ದಿನ ಸೋತು ಮನೆಗೆ ಹೋದೆ. ಗುರುವಾರವಾದ್ದರಿಂದ ಅಕ್ಕಲಕೋಟೆಯ ಬಸ್ಸಿನಲ್ಲಿ ಅಲ್ಲಿನ ಮಠಕ್ಕೆ ಹೋಗುವ ಭಕ್ತರ ನೂಕುನುಗ್ಗಲು. ಪೂರ್ತಿ ದಾರಿ ಒಂದೇ ಕಾಲಲ್ಲಿ ನಿಂತು, ಉತ್ತರ ಕೊಡದ ಆ ಪ್ರೋಗ್ರಾಮಿಗೆ ಮನಸ್ಸಿನಲ್ಲೇ ಬಯ್ಯುತ್ತಾ ಹೋದೆ.

ಮರುದಿನ ಬೇರೆ ದಾರಿ ಹಿಡಿದೆ. ಕಂಪ್ಯೂಟರ್ ತನ್ನ ವಿಳಾಸಕ್ಕೆ ತಾನೇ ‘ಇದ್ದೀಯಾ’ ಎಂದು ಕೇಳುವ ಪಿಂಗ್ ಆಜ್ಞೆ ಕೊಟ್ಟೆ, ‘ಇದ್ದೇನೆ’ ಎಂದು ಉತ್ತರ ಬಂತು. ಯಾವ ಯಾವ ಪ್ರೋಗ್ರಾಮು ಕಿವಿ ತೆರೆದು ಕೂತಿದೆ ಎಂಬ ಪಟ್ಟಿ ತೆಗೆದೆ, ನಮ್ಮ ಹಿಡಿಯುವ ಭಾಗ ಅದರಲ್ಲಿ ಕಿವಿ ತೆರೆದು ಕೂತೇ ಇತ್ತು. ಅದೇ ಪೋರ್ಟಿಗೆ ಟೆಲ್‌ನೆಟ್ ಮೂಲಕ ನಾನೇ ಮಾತಾಡಿಸಿದೆ. ನಿಶ್ಶಬ್ದ. ಇಲ್ಲ ಎಂದು ಕೂಡ ಹೇಳಲಿಲ್ಲ. ಇಬ್ಬರೂ ಜೀವಂತ, ನಡುವೆ ಕಾಗದ ಮಾತ್ರ ತಲುಪುತ್ತಿಲ್ಲ ಎಂದರೆ ಅಂಚೆಯವನನ್ನು ಯಾರೋ ದಾರಿಯಲ್ಲಿ ಹಿಡಿದಿದ್ದಾರೆ.

ಆಗ ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಒಂದು ಸಣ್ಣ ಗೋಡೆಯ ಚಿತ್ರ ಕಂಡಿತು. ಹಿಂದಿನ ದಿನವೂ ಇತ್ತು. ಇಂಥ ಚಿತ್ರಗಳು ಅಲ್ಲಿ ಹತ್ತಾರು ಇರುತ್ತವೆಂದು ಬಿಟ್ಟಿದ್ದೆ.

‘ಕಾಕಾ, ಇದೇನ್ರಿ?’

‘ಅದಾ? ಮಾಲಕರ ಅಳಿಯ ಪುಣೆದಿಂದ ಬಂದಾಗ ಹಾಕಿ ಹೋಗ್ಯಾರ. ಇಂಟರ್ನೆಟ್ ತಗೊಂಡ್ವಲಾ, ಫೋನಿನ ತಾರಿನಾಗಿಂದ ಕಳ್ಳರು ಬರತಾರಂತ. ಅದು ಕಾವಲಿ ಕಾಯತೈತಂತ. ಪೇಪರ್ ಜೋಡಿ ಪುಕ್ಕಟ ಬಂದ ಸಿಡಿ.’

ಫೈರ್‌ವಾಲ್. ದೊಡ್ಡ ಕಂಪನಿಗಳಲ್ಲಿ ಇರುವುದನ್ನು ಕೇಳಿದ್ದೆ, ಒಬ್ಬರ ಕಂಪ್ಯೂಟರಿಗೂ ಒಂದು ಕಾವಲು ಇರುತ್ತದೆಂದು ಕಣ್ಣಾರೆ ಕಂಡದ್ದು ಅಂದೇ. ಅದನ್ನು ಮುಚ್ಚಿದೆ. ಚೌಕಗಳು ಬೂದಾಗಿಯೇ ಇದ್ದವು, ನನ್ನ ಅನುಮಾನ ಸುಳ್ಳಾಯಿತಲ್ಲ ಎಂದು ಮುಖ ಕೆಂಪಾಯಿತು. ಊಟದ ಹೊತ್ತಿನವರೆಗೂ ಬೇರೆ ಬೇರೆ ಕಡೆ ತಡಕಾಡಿದ ಮೇಲೆ ಹೊಳೆಯಿತು: ಮುಚ್ಚಿದ್ದು ಅದರ ಚಿತ್ರವನ್ನು ಮಾತ್ರ. ಅದರ ಬೇರು ವಿಂಡೋಸ್ ಏಳುವಾಗಲೇ ಎದ್ದು ಒಳಗೆ ಕೂತಿರುತ್ತದೆ. ಕಾವಲಿನವನು ಟೊಪ್ಪಿಗೆ ತೆಗೆದಿಟ್ಟ ಮಾತ್ರಕ್ಕೆ ಮನೆಗೆ ಹೋದಂತಲ್ಲ. ಮತ್ತೆ ತೆರೆದು ಅದರೊಳಗಿನ ಪಟ್ಟಿ ನೋಡಿದೆ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಸಾಲುಗಳು. ನಮ್ಮ ಹಿಡಿಯುವ ಭಾಗದ ಹೆಸರಿನ ಮುಂದೆ ಕೆಂಪು ಕತ್ತರಿ ಗುರುತು. ಅದೂ ಶಾಶ್ವತವಾಗಿ. ನಾನು ಎಷ್ಟು ಸಲ ತೆಗೆದು ಹಾಕಿದರೂ, ಅದೇ ಹೆಸರು, ಅದೇ ಜಾಗ, ಅದೇ ಕತ್ತರಿ.

‘ಕಾಕಾ, ಇದಕ್ಕ ಬ್ಯಾಡ ಅಂತ ಯಾರರೆ ಒತ್ತೀರೇನ್ರಿ?’

ದಿವಾಣಜಿ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

‘ಒಂದ ದಿವಸ ಬೆಳಿಗ್ಗೆ ಅದು ಇಂಗ್ರೇಜಿಯೊಳಗ ಕೇಳ್ತು, ಇದನ್ನ ಬಿಡ್ಲೋ ಬ್ಯಾಡೋ ಅಂತ. ಹೊಸಾದು ಏನೋ ಚಾಲೂ ಮಾಡೂದಕ್ಕ ಒಪ್ಪಿಗಿ ಕೇಳಾಕತ್ತೈತಿ ಅನ್ನೂದು ತಿಳೀತು. ಅವತ್ತ ಅಮಾಸಿ ತಂಗಿ. ಅಮಾಸಿ ದಿವಸ ಹೊಸಾದಕ್ಕ ಹೂಂ ಅಂತ ಹೆಂಗ ಅನ್ನೂದು? ಇವತ್ತ ಬ್ಯಾಡ ಅನ್ನೂಣು, ನಾಳಿಗಿ ಪಾಡ್ಯಾಕ್ಕ ಕೇಳಿದಾಗ ಹೂಂ ಅಂದ್ರಾತು ಅಂತ ಬ್ಯಾಡ ಒತ್ತಿದೆ.’

‘ನಾಳಿಗಿ ಕೇಳಲಿಲ್ಲ.’

‘ಕೇಳಲೇ ಇಲ್ಲ ನೋಡು!’ ಎಂದರು, ತಪ್ಪೆಲ್ಲ ಅದರದೇ ಎಂಬಂತೆ.

‘ಇದನ್ನ ನೆನಪಿಡು ಅಂತ ಕೆಳಗ ಒಂದು ಚೌಕ ಇರತೈತಿ. ಅದಕ್ಕ ಗುರುತು ಹಾಕಿದ್ರೇನು?’

‘ನೆನಪಿಡು ಅಂದ್ರ ಛಲೋನೇ ಅಲಾ ಅಂತ ಹಾಕಿದೆ.’

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಇಡೀ ಬೇಸಿಗೆ ಇಬ್ಬರು ವೈರು ಬಿಚ್ಚಿ ಹಾಕಿದ್ದಕ್ಕೆಲ್ಲ ಕಾರಣ ಒಂದು ಅಮಾವಾಸ್ಯೆ. ನಾನು ನಕ್ಕೆ. ದಿವಾಣಜಿ ನಗಲಿಲ್ಲ.

‘ಮಾಲಕರ ಮುಂದ ಹೇಳಬ್ಯಾಡ ತಂಗಿ. ಮೊದಲೇ ಇವ ಹಳೇ ಮನಷ್ಯಾ ಅಂತಾರ.’

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಸಾಲನ್ನು ಅಳಿಸಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಮುಗಿಯಿತು, ಕಾವಲು ಮತ್ತೆ ಕೇಳುತ್ತದೆ, ಈ ಸಲ ಹೂಂ ಅಂದರಾಯಿತು. ಮೌಸ್ ಮೇಲೆ ಕೈಯಿಟ್ಟೆ. ಆಫೀಸಿನ ಗಾಜಿನ ಗೋಡೆಯಾಚೆ ಕಾಂಡಿ ಮಷೀನುಗಳ ಸಾಲು ಕಾಣುತ್ತಿತ್ತು. ಮೂರರ ಹೊತ್ತಾಗಿತ್ತೇನೋ, ಬಾಣಂತಿ ಹಿಂದಿನ ಬಾಗಿಲಿನ ಕಡೆ ಓಡುತ್ತಿದ್ದಳು. ಮಾವಶಿ ಆಗಲೇ ಎರಡೂ ಮಷೀನಿನ ನಡುವೆ ನಿಂತಿದ್ದಳು.

ಕೈ ತೆಗೆದೆ. ಹೊರಗೆ ಹೋಗಿ ಗೇಟಿನ ಬಳಿಯ ಗಾಡಿಯಲ್ಲಿ ಚಹಾ ಕುಡಿದೆ. ಸರಿಯಾಗುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ನನಗಿಂತ ಮೊದಲು ಇಬ್ಬರು ಅದನ್ನೇ ಹೇಳಿದ್ದರು, ನಾನೂ ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಹೆಂಗಸಿನ ಕೈಲಿ ಏನಾದೀತು ಎನ್ನುತ್ತಿದ್ದರು, ಅಷ್ಟೆ. ಆ ಮಾತೇ ನನಗೆ ನುಂಗಲಾರದ ತುತ್ತು. ಇಬ್ಬರು ಗಂಡಸರಿಗೆ ಸಿಗದ ದೋಷ ನನಗೆ ಸಿಕ್ಕಿದೆ, ಅದನ್ನು ಸಿಕ್ಕಿಲ್ಲ ಎಂದು ಹೇಗೆ ಹೇಳಲಿ? ಒಂದು ಕೂಸಿನ ಹಾಲು ಒಂದು ಕಡೆ, ನನ್ನ ಜಂಬ ಇನ್ನೊಂದು ಕಡೆ. ಹಾಗೆ ತೂಗಿ ನೋಡಿದೆ ಎಂದರೂ ಸುಳ್ಳೇ. ಎರಡನ್ನೂ ಉಳಿಸಿಕೊಳ್ಳುವ ಜಾಣತನ ನನ್ನಲ್ಲಿದೆ ಎಂದುಕೊಂಡೆ.

ಉಪಾಯ ಇತ್ತು. ಮಷೀನು ನಿಂತು ಎಷ್ಟು ಹೊತ್ತಾದ ಮೇಲೆ ಚೌಕ ಕೆಂಪಾಗಬೇಕು ಎಂಬುದನ್ನು ಒಂದೊಂದು ಮಷೀನಿಗೆ ಬೇರೆ ಬೇರೆಯಾಗಿ ಇಡಬಹುದಿತ್ತು. ಹಳೆಯ ಮಷೀನುಗಳಿಗೆ ನೂಲು ಬದಲಿಸಲು ಹೆಚ್ಚು ಹೊತ್ತು ಬೇಕೆಂದು ಆ ಸೌಲಭ್ಯ. ಆ ಪುಟಕ್ಕೆ ಪಾಸ್‌ವರ್ಡ್ ಇತ್ತು, ಅದು ನಮ್ಮ ಅಂಗಡಿಯವರಿಗೆ ಮಾತ್ರ ಗೊತ್ತು. ಏಳನೇ ಮಷೀನಿಗೆ ಅರ್ಧ ಗಂಟೆ ಎಂದು ಹಾಕಿದೆ. ಇನ್ನು ಬಾಣಂತಿ ಹೋಗಿ ಬರುವವರೆಗೆ ಏಳನೆಯದು ಎಷ್ಟು ಸಲ ನಿಂತರೂ ಪರದೆಗೆ ಅದು ಹಸಿರೇ, ವಾರದ ಹಾಳೆಗೂ ಅದು ನಿಂತಂತಲ್ಲ. ಮಾಲಕರಿಗೆ ಹೇಳಲಿಲ್ಲ, ದಿವಾಣಜಿಗೆ ಹೇಳಲಿಲ್ಲ. ಆ ಹೆಂಗಸರಿಗೂ ಹೇಳಲಿಲ್ಲ, ಸದ್ದಿಲ್ಲದೆ ಉಪಕಾರ ಮಾಡಿದವಳ ಖುಷಿ ನನ್ನೊಬ್ಬಳಿಗೇ ಇರಲಿ ಎಂದು.

ಆಮೇಲೆ ಕತ್ತರಿ ಗುರುತಿನ ಸಾಲನ್ನು ಅಳಿಸಿದೆ. ಕಂಪ್ಯೂಟರ್ ಎದ್ದಿತು, ಕಾವಲಿನ ಪ್ರಶ್ನೆ ಬಂತು.

‘ಕಾಕಾ, ನೀವೇ ಒತ್ತರಿ. ಇವತ್ತ ಏನು ತಿಥಿ?’

ದಿವಾಣಜಿ ಗೋಡೆಯ ಪಂಚಾಂಗ ನೋಡಿ, ‘ಸಂಕಷ್ಟಿ. ಛಲೋ ದಿವಸ’ ಎಂದು ಗಣಪತಿಗೆ ಕೈಮುಗಿದು ಹೂಂ ಒತ್ತಿದರು. ಚೌಕಗಳು ಒಂದೊಂದಾಗಿ ಹಸಿರಾದವು. ಮಾಲಕರು ಓಡಿ ಬಂದು ನೋಡಿ, ‘ಶಾಬಾಸ್ ಮೇಡಂ! ಏನಾಗಿತ್ತು?’ ಎಂದರು. ಎರಡು ಪ್ರೋಗ್ರಾಮುಗಳ ನಡುವೆ ಗೊಂದಲವಾಗಿತ್ತು ಎಂದೆ. ದಿವಾಣಜಿ ಒಳಗೊಳಗೇ ಉಸಿರು ಬಿಟ್ಟರು. ಅಂದು ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ಮುಂದಿನ ತಿಂಗಳು ಮಾಮೂಲಿ ತಪಾಸಣೆಗೆ ಹೋದೆ. ಎಂಟನೇ ಮಷೀನಿನ ಮುಂದೆ ಬೇರೆ ಯಾರೋ ಹೆಂಗಸು ನಿಂತಿದ್ದಳು. ಮಾಲಕರು ವಾರದ ಹಾಳೆಗಳನ್ನು ಹಿಡಿದು ಖುಷಿಯಲ್ಲಿದ್ದರು.

‘ಬಘಾ, ನೋಡ್ರಿ ಮೇಡಂ, ನಿಮ್ಮ ಮಷೀನ ಭಾರೀ ಕೆಲಸ ಮಾಡ್ತು. ಎಂಟನೇದಾಕಿ ಹಳೇ ಹೆಣ್ಮಗಳು, ಹಿಂಗ ಮಾಡ್ತಾಳಂತ ನಾ ಕನಸಿನ್ಯಾಗೂ ಅನಕೊಂಡಿರಲಿಲ್ಲ. ದಿನಾ ಹನ್ನೊಂದಕ್ಕ, ಮೂರಕ್ಕ ಮಷೀನ ನಿಂದ್ರಸಿ ಎಲ್ಲಿ ಹೋಗ್ತಾಳೋ! ಪಕ್ಕದ ಏಳನೇದಾಕೀನ ನೋಡ್ರಿ, ಬಾಣಂತಿ ಇದ್ದಾಳ, ಒಂದ ದಿವಸಾನೂ ನಿಂತಿಲ್ಲ. ಮುದುಕೀನ ಘಡೀ ಹಾಕೂ ಕಡೆ ಕಳಿಸೀನಿ.’

ಘಡೀ ಹಾಕುವುದು ಎಂದರೆ ಟವೆಲ್ ಮಡಚುವ ಕೆಲಸ. ಮಾಲು ಇದ್ದ ದಿನ ಕರೆಯುತ್ತಾರೆ, ಇಲ್ಲದ ದಿನ ಮನೆ.

ಹಾಳೆ ನೋಡುತ್ತಲೇ ಎಲ್ಲ ತಿಳಿಯಿತು. ಒಬ್ಬಳು ಎರಡು ಮಷೀನು ನೋಡುವಾಗ ಎರಡರಲ್ಲೂ ಎಳೆ ಹರಿದರೆ ಒಂದು ನಿಲ್ಲಲೇಬೇಕು. ಮಾವಶಿ ಪ್ರತಿ ಸಲ ನಿಲ್ಲಿಸುತ್ತಿದ್ದುದು ತನ್ನದನ್ನು. ಬಾಣಂತಿಯ ಮಷೀನು ನಿಂತರೆ ಅವಳು ಸಿಕ್ಕಿಬೀಳುತ್ತಾಳೆಂದು. ಆದರೂ ಏಳನೆಯದು ಆಗಾಗ ನಿಂತೇ ನಿಂತಿರುತ್ತದೆ. ಎರಡರ ಸಾಲುಗಳೂ ಅದೇ ಹೊತ್ತಿಗೆ ಕೆಂಪಾಗಿದ್ದರೆ ಮಾಲಕರು ಕರೆಂಟನ್ನೋ ಮಷೀನನ್ನೋ ಬಯ್ಯುತ್ತಿದ್ದರು, ಕನಿಷ್ಠ ಇಬ್ಬರನ್ನೂ ಕರೆದು ಕೇಳುತ್ತಿದ್ದರು. ನಾನು ಒಂದನ್ನು ಹಸಿರು ಮಾಡಿ, ಇನ್ನೊಂದನ್ನು ಒಂಟಿಯಾಗಿ ಕೆಂಪು ಬಿಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅಲ್ಲಿ ಬರೆಯ ಕಬ್ಬಿಣ ಕಾಯಿಸಿ ಕೊಟ್ಟವಳು ನಾನು.

ಮಾವಶಿಯನ್ನು ಹುಡುಕಿಕೊಂಡು ಹೋದೆ. ಟವೆಲ್ಲಿನ ರಾಶಿಯ ನಡುವೆ ಕೂತಿದ್ದಳು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವಳ ಕೈ ಮಡಚುವುದನ್ನು ನಿಲ್ಲಿಸಲಿಲ್ಲ.

‘ನಮಗೊಂದ ಮಾತ ಹೇಳಿದ್ರ ಆಗ್ತಿತ್ತಲ್ರಿ ಬಾಯಿ’ ಎಂದಳು.

ಅವಳ ರೊಟ್ಟಿ ತಿಂದು, ಅವಳ ಕಷ್ಟ ಕೇಳಿ, ಅವಳ ಬದುಕಿಗೆ ಕೈ ಹಾಕುವಾಗ ಅವಳನ್ನು ಕೇಳಬೇಕೆಂದು ನನಗೆ ತೋಚಲೇ ಇರಲಿಲ್ಲ.

‘ನಾ ಈಗಿಂದೀಗ ಹೋಗಿ ಮಾಲಕ್ರಿಗೆ ಖರೇ ಹೇಳತೀನ್ರಿ ಮಾವಶಿ.’

ಆಗ ಕೈ ನಿಂತಿತು. ‘ಬ್ಯಾಡ್ರಿ! ಖರೇ ಹೇಳಿದ್ರ ಆಕೀನ ತಗೀತಾರ. ನಂದೇನು, ಎರಡ ತುತ್ತ ಕಡಿಮಿ ಉಂಡೇನು. ಸುಮ್ಮ ಇರ್ರಿ.’

‘ಈಗ ಆಕಿ ಹೋದಾಗ ಮಷೀನ ಯಾರ ನೋಡತಾರ?’

‘ಯಾರೂ ಇಲ್ಲ. ಹೊಸಾಕಿಗೆ ಅಂಜಿಕಿ. ಹನ್ನೊಂದರದು ಬಿಟ್ಟಾಳ, ಮೂರಕ್ಕ ಒಮ್ಮಿ ಹೆಂಗರೆ ಓಡತಾಳ. ಕೂಸು ಅಳತೈತಿ ಅಂತಾರ. ಗೋಡಿ ಆಚೆ, ಮಷೀನಿನ ಸದ್ದಿನ್ಯಾಗ ಕೇಳಸೂದಿಲ್ಲ, ಅದೊಂದ ಪುಣ್ಯಾ.’

ಸುಮ್ಮನಿದ್ದು ಬಂದೆ. ಹಾಗೆ ಬರುವುದೂ ತಪ್ಪು, ಬಾಯಿಬಿಟ್ಟಿದ್ದರೂ ತಪ್ಪು. ಮನೆಯಲ್ಲಿ ಊಟ ಸೇರಲಿಲ್ಲ. ಅವ್ವ ಏನಾಯಿತೆಂದು ಕೇಳಿದರೆ ಅವಳ ಮೇಲೆಯೇ ರೇಗಿದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ: ಮಾಲಕರಿಗೆ ಎಲ್ಲವನ್ನೂ ಹೇಳುವುದು, ಮಾವಶಿಯನ್ನು ಎಂಟಕ್ಕೆ ಮರಳಿಸಿ ಎನ್ನುವುದು, ಬಾಣಂತಿಗೆ ಎರಡು ಹೊತ್ತು ಬಿಡುವು ಕೊಡಿ ಎಂದು ಬೇಡಿಕೊಳ್ಳುವುದು. ಒಪ್ಪದಿದ್ದರೆ ಇನ್ನು ಈ ವ್ಯವಸ್ಥೆಗೆ ನಾನು ಕೈ ಹಚ್ಚುವುದಿಲ್ಲ ಎನ್ನುವುದು. ಆ ಮಾತುಗಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೇ ಮತ್ತೆ ಹೋದೆ.

ಗಾಜಿನ ಗೋಡೆಯಾಚೆ ಎಂಟನೆಯದರ ಮುಂದೆ ಮಾವಶಿ ನಿಂತಿದ್ದಳು. ನನ್ನ ಎದೆ ಹಗುರಾಯಿತು. ಏಳನೆಯದರ ಮುಂದೆ ಒಬ್ಬ ಅಪರಿಚಿತ ಹುಡುಗಿ.

‘ಆ ಬಾಣಂತಿ ತಾನೇ ಬಂದು ಹೇಳಿ ಹೋದ್ಲು’ ಎಂದರು ದಿವಾಣಜಿ, ಮೆಲ್ಲಗೆ. ‘ನಿಂತದ್ದೆಲ್ಲಾ ನನ್ನ ಸಲುವಾಗಿ, ಮಾವಶೀದು ಏನೂ ತಪ್ಪಿಲ್ಲ, ಆಕೀನ ಹೊಳ್ಳಿ ತಗೋರಿ ಅಂದ್ಲು. ಪಗಾರ ಆಮ್ಯಾಲ ಬಂದು ಒಯ್ತೀನಂತ ಹೋಗೇಬಿಟ್ಲು. ಮಾಲಕರು ಹೋಗಂತ ಅನ್ನಲಿಲ್ಲ ತಂಗಿ. ಇರು ಅಂತನೂ ಅನ್ನಲಿಲ್ಲ.’

ನಾನು ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಲ್ಲಿ ಅರ್ಧಕ್ಕೆ ಅರ್ಥವೇ ಉಳಿದಿರಲಿಲ್ಲ. ಉಳಿದರ್ಧವನ್ನು ಮಾಲಕರ ಮುಂದೆ ಹೇಳಿದೆ. ಏಳನೇ ಮಷೀನಿನ ಹಸಿರು ನನ್ನ ಕೈಕೆಲಸ, ಮಾವಶಿಯ ಮೇಲೆ ಬಂದ ಅಪವಾದವೂ ಅದರಿಂದಲೇ, ಆ ಬಾಣಂತಿಯನ್ನು ವಾಪಸ್ ಕರೆಸಿ ಎಂದೆ. ಅವರು ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

‘ಹೆಣ್ಣಿನ ಜೀವ, ಕರಳ ಚುರ್ ಅಂದೈತಿ ನಿಮಗ’ ಎಂದು ನಕ್ಕರು. ‘ಆದ್ರ ಒಬ್ಬಾಕಿಗೆ ಬಿಟ್ರ ನಾಳಿಗಿ ಎಲ್ಲಾರೂ ಕೇಳತಾರ. ಕೂಸು ದೊಡ್ಡದಾಗಲಿ, ನೋಡೂಣು. ಈಗ ಆ ಏಳನೇದ್ದು ಮೊದಲಿನಗತೆ ಮಾಡಿ ಕೊಡ್ರಿ.’

ಕೈ ಹಚ್ಚುವುದಿಲ್ಲ ಎನ್ನಬೇಕೆಂದುಕೊಂಡವಳು ಕುರ್ಚಿಯಲ್ಲಿ ಕೂತೆ. ಅದು ಹಾಗೆಯೇ ಉಳಿದರೆ ನಾಳೆ ಮತ್ತೆ ಮಾವಶಿಯ ಚೌಕವೊಂದೇ ಕೆಂಪಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪಾಸ್‌ವರ್ಡ್ ಕೊಟ್ಟು ಆ ಪುಟ ತೆರೆದೆ, ಅರ್ಧ ಗಂಟೆಯನ್ನು ಅಳಿಸಿ ಎಲ್ಲ ಮಷೀನುಗಳಿಗಿದ್ದ ಅಳತೆಯನ್ನೇ ಹಾಕಿದೆ. ಮಾಲಕರು ಹಿಂದೆ ನಿಂತು ನೋಡುತ್ತಿದ್ದರು. ಚೌಕಗಳೆಲ್ಲ ಹಸಿರಾಗಿದ್ದವು.

ಹಾಗೆ ನೋಡುತ್ತಿರುವಾಗಲೇ ಎಂಟನೆಯದು ಕೆಂಪಾಯಿತು.

‘ಇದೇನು ಮತ್ತ?’ ಎಂದರು ಮಾಲಕರು.

ಗಾಜಿನಾಚೆ ನೋಡಿದೆ. ಹನ್ನೊಂದರ ಹೊತ್ತು. ಮಾವಶಿ ತನ್ನ ಮಷೀನು ನಿಲ್ಲಿಸಿ, ಸೆರಗು ಬಿಗಿದುಕೊಂಡು ಏಳನೆಯದರ ಪಕ್ಕ ಹೋಗಿ ನಿಂತಿದ್ದಳು, ಎಳೆ ಹಿಡಿಯಲು ಕೈ ಚಾಚಿಕೊಂಡು. ಹೊಸ ಹುಡುಗಿ ತಲೆಯೆತ್ತಿ ಅವಳನ್ನು ಏನೋ ಕೇಳಿದಳು. ಮಾವಶಿ ಹಿಂದಿನ ಬಾಗಿಲ ಕಡೆ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ ತನ್ನ ಜಾಗಕ್ಕೆ ಹೋದಳು. ಪರದೆಯ ಮೇಲೆ ಎಂಟು ಮತ್ತೆ ಹಸಿರಾಯಿತು.

‘ಈಗ ಬರೋಬರ ತೋರಸಾಕತ್ತೈತಲ್ರಿ ಮೇಡಂ?’

‘ಹೌದ್ರಿ’ ಎಂದೆ, ‘ಬರೋಬರ ತೋರಸಾಕತ್ತೈತಿ.’